ಹದಿನೈದು ದಿನದ ನೋಟಿಸ್ ಬಂದರೆ ಹದಿನಾರನೇ ದಿನ ಮನೆ ಖಾಲಿ ಮಾಡಬೇಕೆ?

ಪ್ರಶ್ನೆ: ಶಿವಮೊಗ್ಗದ ಗೋಪಾಳದಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ 2019ರ ಜೂನ್‌ನಿಂದ ಬಾಡಿಗೆಗಿದ್ದೇವೆ. ಆಗ ಬಾಡಿಗೆ 6,500 ರೂಪಾಯಿ, ಈಗ 9,000. ಅಡ್ವಾನ್ಸ್ 70,000 ಕೊಟ್ಟಿದ್ದೇವೆ. ಶುರುವಿಗೆ ಛಾಪಾ ಕಾಗದದಲ್ಲಿ 11 ತಿಂಗಳ ಕರಾರು ಆಗಿತ್ತು, ಒಂದು ಸಲ ಹೊಸದು ಮಾಡಿದೆವು, ಆಮೇಲೆಲ್ಲ ಬಾಯಿಮಾತು. ಹೋದ ಮಳೆಗಾಲದಲ್ಲಿ ತಾರಸಿ ಸೋರಿದಾಗ ಓನರ್‌ಗೆ ಹೇಳಿ ಹೇಳಿ ಸಾಕಾಗಿ ನಾವೇ 18,000 ಖರ್ಚು ಮಾಡಿ ಕಬ್ಬಿಣದ ಪೈಪು ನಿಲ್ಲಿಸಿ ಶೀಟ್ ಹೊದಿಸಿಕೊಂಡೆವು. ಈಗ ಮಗ ಬರುತ್ತಾನೆ, ಮನೆ ಬೇಕು ಎನ್ನುತ್ತಿದ್ದಾರೆ. ಎರಡು ತಿಂಗಳಿಂದ ನಾವು ಫೋನ್‌ನಲ್ಲಿ ಹಾಕಿದ ಬಾಡಿಗೆಯನ್ನು ವಾಪಸ್ ಕಳಿಸುತ್ತಿದ್ದಾರೆ. ಮೊನ್ನೆ ವಕೀಲರ ನೋಟಿಸ್ ಬಂದಿದೆ: 15 ದಿನದಲ್ಲಿ ಬಿಡಬೇಕು, ಇಲ್ಲದಿದ್ದರೆ ದಿನಕ್ಕೆ 600 ರೂಪಾಯಿ ನಷ್ಟ ಕೊಡಬೇಕು ಅಂತ. ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ, ಈ ಆಗಸ್ಟ್‌ನಲ್ಲಿ ಎಲ್ಲಿಗೆ ಹೋಗುವುದು? ಪಕ್ಕದ ಮನೆಯವರು, ಕರಾರು ರಿಜಿಸ್ಟರ್ ಆಗಿಲ್ಲ, ಅವರೇನೂ ಮಾಡಲಾರರು, ಇನ್ನು ಮುಂದೆ ನೋಟಿಸ್ ಬಂದರೆ ತಗೋಬೇಡಿ, ಹನ್ನೆರಡು ವರ್ಷ ಕಳೆದರೆ ಮನೆಯೇ ನಿಮ್ಮದು ಎನ್ನುತ್ತಾರೆ. ಓನರ್ ಕರೆಂಟ್ ತೆಗೆಸುತ್ತೇನೆ ಎಂದಿದ್ದಾರೆ. ಪೊಲೀಸರನ್ನು ಕರೆತಂದು ಹೊರಹಾಕಬಹುದೆ? ಅಡ್ವಾನ್ಸ್ ಗತಿ ಏನು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಹದಿನಾರನೇ ದಿನ ಸಾಮಾನು ಬೀದಿಗೆ ಬೀಳುತ್ತದೆಯೇ ಎಂಬುದು ಒಂದು. ಅಡ್ವಾನ್ಸ್, ಶೀಟಿನ ಖರ್ಚು ಸೇರಿ 88,000 ರೂಪಾಯಿ ಹೋಯಿತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸ್ಪಷ್ಟ: ಇಲ್ಲ. ನೋಟಿಸ್ ನಿಮ್ಮನ್ನು ಹೊರಹಾಕುವುದಿಲ್ಲ; ಓನರ್ ಕೋರ್ಟಿಗೆ ಹೋಗಲು ಬಾಗಿಲು ತೆರೆಯುತ್ತದೆ, ಅಷ್ಟೆ. ಆದರೆ ಕೊನೆಯವರೆಗೂ ಆ ಮನೆಯಲ್ಲೇ ಇರುವ ಹಕ್ಕು ನಿಮಗಿದೆ ಎಂದು ಯಾರಾದರೂ ಹೇಳಿದರೆ ಅದೂ ನಿಜವಲ್ಲ. ನಿಮ್ಮ ಕೈಯಲ್ಲಿ ಹಕ್ಕಿಗಿಂತ ಹೆಚ್ಚಾಗಿ ಇರುವುದು ಸಮಯ. ಅದನ್ನು ಹೇಗೆ ಬಳಸುತ್ತೀರಿ ಎಂಬುದರ ಮೇಲೆ ಎರಡನೇ ಪ್ರಶ್ನೆಯ ಉತ್ತರ ನಿಂತಿದೆ.

ನಿಮ್ಮ ಮನೆಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಮೊದಲು ನೋಡಬೇಕು. ಬಾಡಿಗೆದಾರರನ್ನು ಬಿಡಿಸುವುದು ಬಹಳ ಕಷ್ಟ ಎಂಬ ಮಾತು ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದ್ದು. ಅದರ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಅದು ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ದೊಡ್ಡ ನಗರಗಳ ಪಟ್ಟಿಯಲ್ಲಿರುವ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ತೀರ್ಥಹಳ್ಳಿ, ಸಾಗರದ ಪೇಟೆ ಬೀದಿಗಳಲ್ಲಿ ಹಳೆಯ ಹಂಚಿನ ಮನೆಯಲ್ಲಿ ಸಾವಿರದೈನೂರಕ್ಕೆ ತಲೆಮಾರಿನಿಂದ ಇರುವವರಿಗೆ ಆ ರಕ್ಷಣೆ ಸಿಗಬಹುದು. ಅಲ್ಲಿ ಮಾಲೀಕರು 27ನೇ ಕಲಮಿನ ಕಾರಣಗಳಲ್ಲೊಂದನ್ನು ಸಾಬೀತು ಮಾಡಲೇಬೇಕು. ಬಾಕಿ ಬಾಡಿಗೆಯೇ ಕಾರಣವಾದರೆ, ಕೇಳಿ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. 9,000 ರೂಪಾಯಿ ಬಾಡಿಗೆಯ ನಿಮಗೆ ಅದು ಇಲ್ಲ. ನಿಮಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಅದರ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ 15 ದಿನದ ಲಿಖಿತ ನೋಟಿಸ್ ಕೊಟ್ಟು ಕೊನೆಗೊಳಿಸಬಹುದು. ಕಾರಣ ಹೇಳಬೇಕಾಗಿಲ್ಲ. ಮಗ ಬರುತ್ತಾನೆ ಎಂಬುದು ನೆಪ, ಹೆಚ್ಚು ಬಾಡಿಗೆಗೆ ಬೇರೆಯವರಿಗೆ ಕೊಡುವ ಹಂಚಿಕೆ ಎಂದು ನಿಮಗೆ ಅನ್ನಿಸಬಹುದು. ಹಾಗೆಂದು ನೀವು ಕೋರ್ಟಿನಲ್ಲಿ ತೋರಿಸಿಕೊಟ್ಟರೂ ಓನರ್ ದಾವೆ ಬಿದ್ದುಹೋಗುವುದಿಲ್ಲ. ಬಾಡಿಗೆದಾರರು ಹೆಚ್ಚು ಶಕ್ತಿ ಪೋಲು ಮಾಡುವುದು ಇಲ್ಲೇ. ಕರಾರಿನ ಅವಧಿ ಇನ್ನೂ ಬಾಕಿ ಇದ್ದಿದ್ದರೆ ಮಾತು ಬೇರೆ; ನಡುವೆ ಬಿಡಿಸಲು ಕರಾರಿನಲ್ಲೇ ಅವಕಾಶ ಇರಬೇಕಾಗುತ್ತಿತ್ತು. ನಿಮ್ಮ ಕರಾರು ಮುಗಿದ ಮೇಲೂ ಅವರು ಬಾಡಿಗೆ ತೆಗೆದುಕೊಂಡಿದ್ದಾರೆ, ಹಾಗಾಗಿ ಅದು ತಿಂಗಳಿಂದ ತಿಂಗಳ ಬಾಡಿಗೆಯಾಗಿ ಮುಂದುವರಿದಿದೆ.

ಹದಿನೈದು ದಿನದ ಲೆಕ್ಕ ನೋಟಿಸ್ ನಿಮ್ಮ ಕೈ ಸೇರಿದ ದಿನದಿಂದ. ಹಿಂದೆ ಆ ಅವಧಿ ಬಾಡಿಗೆ ತಿಂಗಳ ಕೊನೆಗೇ ಮುಗಿಯದಿದ್ದರೆ ದಾವೆಯೇ ವಜಾ ಆಗುತ್ತಿತ್ತು. ಒಂದೆರಡು ದಿನದ ತಪ್ಪಿನಿಂದ ಎಷ್ಟೋ ಮಾಲೀಕರು ಸೋತಿದ್ದಾರೆ. 2002ರ ತಿದ್ದುಪಡಿಯ ನಂತರ ಆ ಎಳೆ ಸಿಗುವುದಿಲ್ಲ. ನೋಟಿಸಿನಲ್ಲಿ ದಿನ ಕಡಿಮೆ ಬರೆದಿದ್ದರೂ, 15 ದಿನ ಕಳೆದ ಮೇಲೆ ದಾವೆ ಹಾಕಿದ್ದರೆ ಸಾಕು.

ಇನ್ನು ಪಕ್ಕದ ಮನೆಯವರ ಮಾತು. ಒಂದು ವರ್ಷ ಮೀರದ ಕರಾರಿಗೆ ನೋಂದಣಿ ಕಡ್ಡಾಯವಿಲ್ಲ, 11 ತಿಂಗಳ ರೂಢಿ ಹುಟ್ಟಿದ್ದೇ ಅದಕ್ಕಾಗಿ. ಕರಾರೇ ಇಲ್ಲದಿದ್ದರೂ ನೀವು ಇಷ್ಟು ವರ್ಷ ಅವರ ಖಾತೆಗೆ ಹಾಕಿದ ಬಾಡಿಗೆ ಸಂಬಂಧವನ್ನು ಸಾರಿ ಹೇಳುತ್ತದೆ. ನೋಟಿಸ್ ತೆಗೆದುಕೊಳ್ಳದಿರುವುದರಿಂದ ನಷ್ಟ ನಿಮಗೇ. ಸರಿಯಾದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ, ‘ನಿರಾಕರಿಸಿದ್ದಾರೆ’ ಎಂದು ಅಂಚೆಯವರು ಷರಾ ಬರೆದು ಹಿಂದಿರುಗಿಸಿದರೆ ತಲುಪಿದಂತೆಯೇ ಕೋರ್ಟು ಭಾವಿಸುತ್ತದೆ. ಬಾಗಿಲಿಗೆ ಅಂಟಿಸಲೂ ಕಾನೂನಿನಲ್ಲಿ ಅವಕಾಶವಿದೆ.

ಹನ್ನೆರಡು ವರ್ಷದ ಮಾತು ಮಲೆನಾಡಿನ ಪ್ರತಿ ಊರಿನಲ್ಲೂ ಕೇಳಿಬರುತ್ತದೆ. ಅದರ ಬೇರು ಕಾಲಮಿತಿ ಕಾಯ್ದೆಯಲ್ಲಿದೆ: ಬಾಡಿಗೆ ಸಂಬಂಧ ಕೊನೆಗೊಂಡ ದಿನದಿಂದ 12 ವರ್ಷದೊಳಗೆ ಮಾಲೀಕರು ಸ್ವಾಧೀನದ ದಾವೆ ಹಾಕಬೇಕು. ಬಾಡಿಗೆಗೆ ಬಂದ ದಿನದಿಂದ ಅಲ್ಲ. ನೀವು ಅವರ ಒಪ್ಪಿಗೆಯಿಂದ ಒಳಗೆ ಬಂದವರು, ಬಾಡಿಗೆ ಕೊಡುತ್ತ ಬಂದವರು. ಹಾಗೆ ಬಂದವರು ಓನರ್ ಓನರೇ ಅಲ್ಲ ಎನ್ನುವಂತಿಲ್ಲ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 122ನೇ ಕಲಂ ಅದನ್ನೇ ಹೇಳುತ್ತದೆ. ಅಷ್ಟೇ ಅಲ್ಲ, ಮಾಲೀಕತ್ವವನ್ನು ಅಲ್ಲಗಳೆಯುವುದೇ ಬಾಡಿಗೆ ಹಕ್ಕು ಕಳೆದುಕೊಳ್ಳಲು ಒಂದು ಕಾರಣ. ದಯವಿಟ್ಟು ನೋಟಿಸಿಗೆ ಕೊಡುವ ಉತ್ತರದಲ್ಲಿ ಆ ಧಾಟಿಯ ಒಂದು ಸಾಲೂ ಬರದಂತೆ ನೋಡಿಕೊಳ್ಳಿ.

ಓನರ್ ಕಡೆಯ ಬೆದರಿಕೆಗೂ ಬಲವಿಲ್ಲ. ಕೋರ್ಟಿನ ಆದೇಶವಿಲ್ಲದೆ ನಿಮ್ಮನ್ನು ಹೊರಹಾಕುವ ಅಧಿಕಾರ ಪೊಲೀಸರಿಗೆ ಇಲ್ಲ. ಠಾಣೆಗೆ ಕರೆದರೆ ಹೋಗಿ ಕರಾರು, ಬಾಡಿಗೆ ದಾಖಲೆ ತೋರಿಸಿ. ಆದರೆ ಇಂಥ ದಿನ ಬಿಡುತ್ತೇವೆ ಎಂದು ಅಲ್ಲಿ ಮುಚ್ಚಳಿಕೆ ಬರೆದುಕೊಡಬೇಡಿ. ನೆಲೆಯಾದ ಸ್ವಾಧೀನದಲ್ಲಿರುವವರನ್ನು ನಿಜವಾದ ಮಾಲೀಕರೂ ಬಲವಂತದಿಂದ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2003ರ ಡಿಸೆಂಬರ್‌ನಲ್ಲಿ, ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಹೇಳಿದೆ. ನೀವು ಊರಿಗೆ ಹೋದಾಗ ಬೀಗ ಹಾಕಿಬಿಟ್ಟರೆ, 6 ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ದಾವೆ ಹಾಕಿ ಸ್ವಾಧೀನ ಮರಳಿ ಪಡೆಯಬಹುದು. ಅಲ್ಲಿ ಮಾಲೀಕರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಬೀಗ ಬೀಳುವ ಮೊದಲೇ ಅನುಮಾನ ಗಟ್ಟಿಯಾದರೆ ತಡೆಯಾಜ್ಞೆ ಕೇಳಬಹುದು. ಆದರೆ ಸಿಗುವ ಆದೇಶದಲ್ಲಿ ‘ಕಾನೂನು ರೀತ್ಯಾ ಹೊರತು’ ಎಂಬ ಮಾತು ಇದ್ದೇ ಇರುತ್ತದೆ. ಓನರ್ ತೆರವು ದಾವೆ ಹಾಕುವುದನ್ನು ಅದು ನಿಲ್ಲಿಸುವುದಿಲ್ಲ. ಕರೆಂಟಿನ ವಿಷಯದಲ್ಲಿ, ಮೆಸ್ಕಾಂ ಬಿಲ್ ಇನ್ನು ಮುಂದೆ ನೀವೇ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಮೀಟರ್ ಬೋರ್ಡಿನ ಫೋಟೊ ಇವತ್ತೇ ತೆಗೆದಿಡಿ. ಆರ್.ಆರ್. ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಓನರ್ ಹೆಸರಿನಲ್ಲಿದ್ದರೂ, 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ ‘ಮಾಲೀಕ ಅಥವಾ ವಾಸವಿರುವವರು’ ಎಂದೇ ಹೇಳುತ್ತದೆ. ವಾಸವಿರುವವರಾಗಿ ನೀವೂ ಅರ್ಜಿ ಕೊಡಬಹುದು.

ನೀವು ಮಾಡಬೇಕಾದ ಮೊದಲ ಕೆಲಸ, ಅವಧಿ ಮುಗಿಯುವ ಮೊದಲು ವಕೀಲರ ಮೂಲಕ ಉತ್ತರ ಕಳಿಸುವುದು. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಬಾಡಿಗೆ ಶುರುವಾದ ದಿನ, 70,000 ಅಡ್ವಾನ್ಸ್ ಕೊಟ್ಟ ದಿನ ಮತ್ತು ಬಗೆ, ಯಾವ ಯಾವ ದಿನ ಬಾಡಿಗೆ ಹಾಕಿದಿರಿ, ಯಾವ ದಿನ ವಾಪಸ್ ಬಂತು, ಸೋರಿಕೆ ಬಗ್ಗೆ ಯಾವಾಗ ತಿಳಿಸಿದಿರಿ, ಇಷ್ಟನ್ನು ತಾರೀಖಿನ ಸಮೇತ ಬರೆಸಿ. ಸುಳ್ಳು ಬೇಡ. ಬಾಡಿಗೆ ಸಂಬಂಧವನ್ನೂ ನೋಟಿಸನ್ನೂ ಒಪ್ಪಿಕೊಂಡರೆ ಆ ಒಪ್ಪಿಗೆಯ ಆಧಾರದ ಮೇಲೆಯೇ, ಸಾಕ್ಷಿ ವಿಚಾರಣೆ ಇಲ್ಲದೆ, ಓನರ್ ತೀರ್ಪು ಕೇಳಬಹುದು ಎಂಬುದು ನಿಜ. ಆದರೂ ಸತ್ಯ ಹೇಳಿಯೇ ಸಮಯ ಕೇಳುವುದು ಲೇಸು. ಸುಳ್ಳು ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರ ಪ್ರಶ್ನೆಗಳ ಮುಂದೆ, ಬಯಲಾದ ಮೇಲೆ ಕೋರ್ಟಿನಿಂದ ಎರಡು ತಿಂಗಳ ಅವಕಾಶ ಕೇಳಲೂ ಮುಖವಿರುವುದಿಲ್ಲ.

ಬಾಡಿಗೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಫೋನಿನಲ್ಲಿ ಹಾಕಿದ್ದು ವಾಪಸ್ ಬಂದರೆ ಬ್ಯಾಂಕ್ ಖಾತೆಗೆ ಹಾಕಿ. ಅದೂ ತಿರುಗಿ ಬಂದರೆ ಚೆಕ್ಕನ್ನು ಅಂಚೆಯಲ್ಲಿ ಕಳಿಸಿ, ಕವರ್ ಹಿಂದಿರುಗಿದರೆ ಒಡೆಯದೆ ಹಾಗೆಯೇ ಇಡಿ. ಒಡೆಯದ ಕವರ್ ಒಳ್ಳೆಯ ಸಾಕ್ಷಿ: ಷರಾ, ಮೊಹರು, ತಾರೀಖು ಹೊರಗೆ ಕಾಣುತ್ತವೆ, ಒಳಗೆ ಏನಿತ್ತು ಎಂಬುದು ನ್ಯಾಯಾಧೀಶರ ಎದುರೇ ತೆರೆದುಕೊಳ್ಳುತ್ತದೆ. ಮನೆಯಲ್ಲೇ ಬಿಚ್ಚಿದ ಕವರಿಗೆ ಆ ಬೆಲೆ ಇಲ್ಲ. ಈ ಮಾತು ಮಾಲೀಕರಿಗೂ ಅಷ್ಟೇ ಅನ್ವಯ. ಸ್ವೀಕರಿಸದ ತಿಂಗಳ ಹಣವನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟದೆ ಬಿಡಿ; ದಾವೆ ಬಂದರೆ ಮೊದಲ ವಾಯಿದೆಗೇ ಕೋರ್ಟಿನಲ್ಲಿ ಕಟ್ಟಲು ಅನುಮತಿ ಕೇಳಬಹುದು. ‘ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿ’ ಎಂದು ಸುಮ್ಮನೆ ಕೂತವರು ಬಾಕಿದಾರರಾಗಿಯೇ ಕಾಣುತ್ತಾರೆ, ಕರಾರಿನಲ್ಲಿ ಹಾಗೆ ಬರೆದಿಲ್ಲದಿದ್ದರೆ.

ಶೀಟಿನ 18,000ಕ್ಕೆ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ನೋಡಿ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. ಹಾಗಾಗಿ ಎರಡು ಸಂಗತಿ ಬೇಕು: ರಿಪೇರಿ ಅವರ ಹೊಣೆ ಎಂಬುದು, ನೀವು ಮುಂಚೆಯೇ ತಿಳಿಸಿದ್ದಿರಿ ಎಂಬುದು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನೀರು ಸುರಿಯುವ ವಿಡಿಯೊ, ಅಂಗಡಿಯ ಬಿಲ್, ವೆಲ್ಡಿಂಗಿನವರಿಗೆ ಹಣ ಹಾಕಿದ ದಾಖಲೆ ಹುಡುಕಿ. ಇವು ಸಿಗದಿದ್ದರೂ ದಾರಿಯಿದೆ. ನೀವು ಅಳವಡಿಸಿದ್ದನ್ನು, ಮನೆ ನಿಮ್ಮ ಸ್ವಾಧೀನದಲ್ಲಿರುವಾಗ ಬಿಚ್ಚಿಕೊಂಡು ಹೋಗುವ ಹಕ್ಕು ಅದೇ ಕಲಮಿನಲ್ಲಿದೆ, ತಾರಸಿಯನ್ನು ಮೊದಲಿನಂತೆ ಮಾಡಿಕೊಟ್ಟರೆ ಸರಿ. ಬೋಲ್ಟ್ ಹಾಕಿ ನಿಲ್ಲಿಸಿದ ಪೈಪು, ಶೀಟು ಮಾರಿದರೂ ಒಂದಷ್ಟು ಬರುತ್ತದೆ. ಬೀಗದಕೈ ಕೊಟ್ಟ ಮೇಲೆ ಆ ಹಕ್ಕು ಉಳಿಯುವುದಿಲ್ಲ.

ಒಪ್ಪಂದವಾಗದೆ ಓನರ್ ಕೋರ್ಟಿಗೆ ಹೋದರು ಎನ್ನೋಣ. ಶಿವಮೊಗ್ಗದ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ತೆರವು ದಾವೆ ದಾಖಲಾಗುತ್ತದೆ. ಸ್ಮಾಲ್ ಕಾಸ್ (ಸಣ್ಣ ಮೊತ್ತದ) ದಾವೆಯೋ ಮೂಲ (ಸಾಮಾನ್ಯ ಸಿವಿಲ್) ದಾವೆಯೋ ಎಂಬುದು ಬಾಡಿಗೆಯ ಮೊತ್ತ, ಕೋರ್ಟಿನ ವ್ಯಾಪ್ತಿಯ ಮೇಲೆ ಹೋಗುತ್ತದೆ. ಮನೆಯ ಬೆಲೆ ಎಷ್ಟೇ ಇರಲಿ, ಕೋರ್ಟ್ ಶುಲ್ಕ ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ. ನಿಮ್ಮದರಲ್ಲಿ 1,08,000 ರೂಪಾಯಿಯ ಮೇಲೆ. ಹಾಗಾಗಿ ಅವರು ಖರ್ಚಿಗೆ ಹೆದರಿ ಹಿಂಜರಿಯುತ್ತಾರೆ ಎಂದುಕೊಳ್ಳಬೇಡಿ.

ಸಮನ್ಸ್ ತಂದ ಅಮೀನರನ್ನು (ಕೋರ್ಟಿನ ಸಿಬ್ಬಂದಿಯನ್ನು) ತಪ್ಪಿಸಿಕೊಂಡರೆ ಅದು ಬಾಗಿಲಿಗೆ ಅಂಟುತ್ತದೆ, ನಂತರ ನೀವು ಗೈರಾದರೆ ಏಕಪಕ್ಷೀಯ ತೀರ್ಪು. ಅದನ್ನು ರದ್ದು ಮಾಡಿಸಲು 30 ದಿನವಿದೆ, ಆದರೆ ಹಾಜರಾಗದ್ದಕ್ಕೆ ತಕ್ಕ ಕಾರಣ ಬೇಕು. ಹಾಜರಾದರೆ 30 ದಿನದಲ್ಲಿ, ಕಾರಣ ತೋರಿಸಿದರೆ ಒಟ್ಟು 90 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಉತ್ತರ, ಸಲ್ಲಿಸಬೇಕು. ಅಡ್ವಾನ್ಸನ್ನೂ ರಿಪೇರಿ ಖರ್ಚನ್ನೂ ಅದರಲ್ಲೇ ಎತ್ತಬೇಕು. ಆಮೇಲೆ ಪ್ರಮಾಣಪತ್ರದ ಸಾಕ್ಷ್ಯ, ಪಾಟೀಸವಾಲು, ವಾದ. ಕೋರ್ಟು ನೋಡುವುದು ಮೂರು ಸಂಗತಿ: ಬಾಡಿಗೆ ಸಂಬಂಧ ಇದೆಯೇ, ನೋಟಿಸಿನಿಂದ ಅದು ಸರಿಯಾಗಿ ಕೊನೆಗೊಂಡಿದೆಯೇ, ಬಾಕಿ ಮತ್ತು ನಷ್ಟ ಎಷ್ಟು. ಅಡ್ವಾನ್ಸ್ ಬಾಕಿ ಇದೆ ಎಂಬುದು ಮನೆ ಬಿಡದಿರಲು ಪೂರ್ಣ ಉತ್ತರವಾಗುವುದಿಲ್ಲ. ಇದು ಬಾಡಿಗೆ ಮನೆಯ ಮಾತು. ಬಾಡಿಗೆಯೇ ಇಲ್ಲದೆ ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಹಿಡಿದ ಮನೆಯಾದರೆ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಕಥೆಯೇ ಬೇರೆಯಾಗುತ್ತದೆ.

ಕರಾರು ಪತ್ರವನ್ನು ಸಾಕ್ಷ್ಯಕ್ಕೆ ಹಾಜರುಪಡಿಸಿದಾಗ ಛಾಪಾ ಶುಲ್ಕ ಕಡಿಮೆ ಬಿದ್ದಿದ್ದರೆ, ಕೊರತೆಯ ಜತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ. ಇಬ್ಬರೂ ನೆನಪಿಡಿ.

ಎಷ್ಟು ಕಾಲ? ಇಬ್ಬರೂ ವಾಸ್ತವಾಂಶ ಒಪ್ಪಿದರೆ ಕೆಲವು ತಿಂಗಳು, ಪ್ರತಿ ವಾಯಿದೆಗೂ ಮುಂದೂಡಿಕೆ ಕೇಳುತ್ತ ಹೋದರೆ ವರ್ಷಗಳು. ತೀರ್ಪಾದ ಮೇಲೂ ಬಿಡಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಕೊಡುತ್ತಾರೆ. ಆಮೇಲೂ ಬಿಡದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪನ್ನು ಜಾರಿ ಮಾಡಿಸುವ ಅರ್ಜಿ. ಕೋರ್ಟಿನ ಆದೇಶದೊಂದಿಗೆ ಅಮೀನರು ಬರುತ್ತಾರೆ, ಬೇಕಾದರೆ ಬೀಗ ಒಡೆಯಲು, ಪೊಲೀಸ್ ನೆರವಿಗೆ ಅನುಮತಿ ಸಿಗುತ್ತದೆ. ಪೊಲೀಸರು ಕಾನೂನುಬದ್ಧವಾಗಿ ನಿಮ್ಮ ಬಾಗಿಲಿಗೆ ಬರುವುದು ಈ ಹಂತದಲ್ಲಿ ಮಾತ್ರ. ಅಮಲ್ಜಾರಿ ಅರ್ಜಿಗಳನ್ನು 6 ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ತಡೆ ಸಿಗುವುದಿಲ್ಲ. ತಡೆ ಕೊಟ್ಟರೂ ಬಾಕಿ ಕಟ್ಟುವ ಷರತ್ತು ಹಾಕಬಹುದು.

ಎಳೆದಾಡುವುದಕ್ಕೆ ಒಂದು ಬೆಲೆ ಇದೆ. ನೋಟಿಸ್ ಅವಧಿ ಮುಗಿದ ದಿನದಿಂದ ನೀವು ಕೊಡಬೇಕಾದದ್ದು ಹಳೆಯ ಬಾಡಿಗೆ ಅಲ್ಲ, ಆ ಮನೆಗೆ ಮಾರುಕಟ್ಟೆಯಲ್ಲಿ ಸಿಗುವ ಬಾಡಿಗೆಯ ಲೆಕ್ಕದ ನಷ್ಟಪರಿಹಾರ. ದಿನಕ್ಕೆ 600, ಅಂದರೆ ತಿಂಗಳಿಗೆ 18,000 ಎಂಬುದು ನೋಟಿಸಿನ ಬೇಡಿಕೆ ಮಾತ್ರ. ಸುತ್ತಮುತ್ತಲ ಮನೆಗಳ ಬಾಡಿಗೆ ನೋಡಿ ಕೋರ್ಟು ನಿರ್ಧರಿಸುತ್ತದೆ. ಅವಧಿ ಮೀರಿದರೆ ಎರಡು ಪಟ್ಟು, ನಾಲ್ಕು ಪಟ್ಟು ಬಾಡಿಗೆ ಎಂದು ಮೊಬೈಲಿನಲ್ಲಿ ಓಡಾಡುವ ಮಾತು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯದ್ದು. ಅದು ಮಾದರಿ ಮಾತ್ರ, ರಾಜ್ಯ ಶಾಸನ ಮಾಡದೆ ಇಲ್ಲಿ ಅನ್ವಯಿಸದು. ಕೋರ್ಟು ತಿಂಗಳಿಗೆ 12,000 ಎಂದಿತು, ದಾವೆ 18 ತಿಂಗಳು ನಡೆಯಿತು ಎಂದಿಟ್ಟುಕೊಳ್ಳಿ. ನೀವು ತಪ್ಪದೆ 9,000 ಕೊಟ್ಟಿದ್ದರೂ ವ್ಯತ್ಯಾಸ 3,000, ಹದಿನೆಂಟು ತಿಂಗಳಿಗೆ 54,000. ಎಪ್ಪತ್ತು ಸಾವಿರದ ಅಡ್ವಾನ್ಸಿನಲ್ಲಿ ಉಳಿಯುವುದು 16,000, ಅದರಲ್ಲಿ ಬಣ್ಣದ ಖರ್ಚು ಬೇರೆ.

ಇದಕ್ಕೇ ನನ್ನ ಸಲಹೆ: ನಿಮ್ಮ ಸಮಯವನ್ನು ಈಗಲೇ, ಅದಕ್ಕೆ ಬೆಲೆ ಇರುವಾಗಲೇ, ಚೌಕಾಸಿಗೆ ಇಡಿ. ದಾವೆ ಹಾಕಿದರೂ ಮುಂದಿನ ಏಪ್ರಿಲ್‌ಗೆ ಮುಂಚೆ ಮನೆ ಕೈಗೆ ಬರುವುದು ಕಷ್ಟ ಎಂದು ಓನರ್‌ಗೆ ಅವರ ವಕೀಲರೇ ಹೇಳಿರುತ್ತಾರೆ. ಮಗಳ ಪರೀಕ್ಷೆ ಮುಗಿಸಿ ಏಪ್ರಿಲ್ 30ಕ್ಕೆ ಬಿಡುತ್ತೇವೆ, ಅಲ್ಲಿವರೆಗೆ 9,000 ಅಥವಾ ಸ್ವಲ್ಪ ಏರಿಸಿದ ಬಾಡಿಗೆ ಕೊಡುತ್ತೇವೆ, ದಿನಕ್ಕೆ 600ರ ಬೇಡಿಕೆ ಬಿಡಿ, ಬೀಗದಕೈ ಕೊಡುವ ದಿನವೇ ಅಡ್ವಾನ್ಸ್ ಕೊಡಿ ಎಂದು ಉತ್ತರದ ಕೊನೆಯಲ್ಲಿ ಬರೆಸಿ. ಅವರು ಒಪ್ಪಿದರೆ ಬಿಳಿ ಹಾಳೆಯಲ್ಲಿ ಸಹಿ ಹಾಕಿ ಮುಗಿಸಬೇಡಿ. ದಾವೆ ಹಾಕುವ ಮೊದಲೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿ ದಾಖಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ಅದರ ಆದೇಶ ಕೋರ್ಟಿನ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ಮೇ 1ಕ್ಕೆ ನೀವು ಬಿಡದಿದ್ದರೆ ಅವರು ನೇರ ಅಮಲ್ಜಾರಿಗೆ ಹೋಗಬಹುದು, ಅವರು ಅಡ್ವಾನ್ಸ್ ಕೊಡದಿದ್ದರೆ ನೀವು ಹೋಗಬಹುದು. ಮಾಲೀಕರಿಗೆ ಇದರಲ್ಲಿ ಸಿಗುವುದು ಕಡಿಮೆಯೇನಲ್ಲ: ಸಮನ್ಸು, ಸಾಕ್ಷ್ಯ, ಮೇಲ್ಮನವಿ ಯಾವುದೂ ಇಲ್ಲದೆ ತಾರೀಖು ಗೊತ್ತಿರುವ ಒಂದು ತೀರ್ಪು.

ಇದನ್ನು ಓದುತ್ತಿರುವ ಮಾಲೀಕರಿಗೆ ಎರಡು ಮಾತು. ಮನೆ ತಾಯಿಯ ಹೆಸರಿನಲ್ಲಿದ್ದು ಮಗ ತನ್ನ ಹೆಸರಿನಲ್ಲೇ ನೋಟಿಸ್ ಕೊಡುವುದು, ಷೆಡ್ಯೂಲಿನಲ್ಲಿ (ಆಸ್ತಿಯ ವಿವರದಲ್ಲಿ) ಮೇಲಂತಸ್ತು ಎಂದು ಬರೆಯದೆ ಇಡೀ ನಿವೇಶನದ ಚಕ್ಕುಬಂದಿ (ನಾಲ್ಕು ಗಡಿ) ಹಾಕುವುದು ಪದೇ ಪದೇ ಕಾಣುವ ತಪ್ಪುಗಳು. ಎರಡನೆಯದು ಅಮಲ್ಜಾರಿಯ ದಿನ ಅಮೀನರ ಮುಂದೆ ತೊಡಕಾಗುತ್ತದೆ. ಇನ್ನು, ನೋಟಿಸ್ ಕೊಟ್ಟ ಮೇಲೆ ಬಾಡಿಗೆ ತೆಗೆದುಕೊಂಡರೆ ನೋಟಿಸೇ ರದ್ದು ಎಂಬ ಹೆದರಿಕೆಯಿಂದ ಹಣ ವಾಪಸ್ ಕಳಿಸಬೇಕಾಗಿಲ್ಲ. ‘ನಮ್ಮ ಹಕ್ಕಿಗೆ ಬಾಧೆಯಿಲ್ಲದೆ, ನಷ್ಟಪರಿಹಾರದ ಲೆಕ್ಕಕ್ಕೆ ಸ್ವೀಕರಿಸಿದ್ದೇವೆ’ ಎಂದು ಬರೆದು ಕಳಿಸಿ ಹಣ ಇಟ್ಟುಕೊಳ್ಳಬಹುದು. ಪ್ರಶ್ನೆ ಕೇಳಿದ ನೀವು, ನಿಮ್ಮ ಓನರ್‌ಗೂ ಈ ಸಾಲನ್ನು ತೋರಿಸಿ. ಬಾಡಿಗೆ ವಾಪಸಿನ ಜಗಳ ಅಲ್ಲಿಗೆ ನಿಲ್ಲಬಹುದು.

ಬಿಡುವ ದಿನ ಹಗಲು ಹೊತ್ತಿನಲ್ಲಿ ಇಬ್ಬರೂ ಸೇರಿ ಕೋಣೆ ಕೋಣೆ ನೋಡಿ. ಗೋಡೆ, ನಲ್ಲಿ, ಸ್ವಿಚ್ ಬೋರ್ಡ್, ತಾರಸಿಯ ವಿಡಿಯೊ ತೆಗೆಯಿರಿ. ಮೆಸ್ಕಾಂ ಮೀಟರಿನ ಅಂಕಿ, ಕೊಟ್ಟ ಬೀಗದಕೈಗಳ ಸಂಖ್ಯೆ, ಕಳೆದ ಮೊತ್ತ, ಹಿಂದಿರುಗಿಸಿದ ಮೊತ್ತ ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಅಡ್ವಾನ್ಸ್ ನಿಮ್ಮ ಖಾತೆಗೆ ಬಿದ್ದ ಸಂದೇಶ ನೋಡಿ ಬೀಗದಕೈ ಕೊಡಿ. ಚೆಕ್ ಕೊಡುತ್ತೇನೆ ಎಂದರೆ ನಾಲ್ಕು ದಿನ ಮೊದಲೇ ಕೇಳಿ, ಹಣ ಜಮಾ ಆದ ಮೇಲೆ ಸಾಮಾನು ಲಾರಿಗೆ ಹೇರಿ.